ಕಾರ್ಡಿನ ಅಂಚು ಉಜ್ಜಿದರೆ ಬಿಳಿ ಬರುತ್ತಿಲ್ಲ, ಜುಂಗು ಏಳುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಅಂಟುಕೈ · ಶನಿವಾರ ರಾತ್ರಿ 9:40

ಅಪ್ಪ ಅಮ್ಮನ ಮದುವೆಯಾಗಿ ಮುಂದಿನ ತಿಂಗಳಿಗೆ 50 ವರ್ಷ. ಅವರಿಗೆ ಗೊತ್ತಾಗದ ಹಾಗೆ ಹಳೇ ಫೋಟೊಗಳದ್ದೊಂದು ಆಲ್ಬಂ ಮಾಡುತ್ತಿದ್ದೇನೆ. 12 ಇಂಚಿನ ಚೌಕ ಹಾಳೆ, ಒಟ್ಟು 20 ಪುಟ. ವಿಡಿಯೊಗಳಲ್ಲಿ ಬಣ್ಣದ ಕಾರ್ಡಿನ ಅಂಚಿಗೆ ಸ್ಯಾಂಡ್ ಪೇಪರಿನಿಂದ ಎರಡು ಸಲ ಸರ್ ಸರ್ ಅಂತ ಉಜ್ಜುತ್ತಾರೆ. ತೆಳ್ಳಗೆ ಬಿಳಿ ಗೆರೆ ಬಂದು ಹಾಳೆ ಅಟ್ಟದಿಂದ ಇಳಿಸಿದ ಹಾಗೆ ಹಳೇದಾಗಿ ಕಾಣುತ್ತದೆ. ನನ್ನದು ಸ್ಟೇಷನರಿ ಅಂಗಡಿಯ ಮರೂನ್ ಚಾರ್ಟ್ ಪೇಪರ್. ಸ್ಯಾಂಡ್ ಪೇಪರ್ ಬಡಗಿ ಬಿಟ್ಟು ಹೋಗಿದ್ದು, ಹಿಂದೆ 80 ಅಂತ ಬರೆದಿದೆ. ಉಜ್ಜಿದೆ, ಉಜ್ಜಿದೆ, ಬಿಳಿ ಬರಲೇ ಇಲ್ಲ. ಅಂಚೆಲ್ಲ ಹರಿದ ಹಾಸಿಗೆಯಿಂದ ಹತ್ತಿ ಇಣುಕಿದ ಹಾಗೆ ಜುಂಗು ಜುಂಗು ಆಯಿತು, ಒಂದು ಮೂಲೆ ಮಡಚಿಕೊಂಡು ಹರಿದೂ ಹೋಯಿತು. ಅತ್ತೆ ನೋಡಿ "ಚೆನ್ನಾಗಿರೋ ಕಾಗದಾನ ದುಡ್ಡು ಕೊಟ್ಟು ತಂದು ಯಾಕಮ್ಮಾ ಹಾಳು ಮಾಡ್ತೀಯ" ಅಂದರು. ಉತ್ತರ ಇರಲಿಲ್ಲ. ಯಾರಾದರೂ ಹೇಳಿಕೊಡಿ.

ರಟ್ಟಿನ ಮನೆ · ಶನಿವಾರ ರಾತ್ರಿ 10:15

ಅಂಟುಕೈ ಅವರೇ, ಮೊದಲು ಒಂದು ಕೆಲಸ ಮಾಡಿ. ಆ ಚಾರ್ಟಿನ ಒಂದು ಮೂಲೆ ಹರಿದು ನೋಡಿ. ಕತ್ತರಿಸಬೇಡಿ, ಕೈಯಲ್ಲೇ ಹರಿಯಿರಿ. ಹರಿದ ಜಾಗದಲ್ಲಿ ಬಿಳಿ ಕಂಡರೆ ಬಣ್ಣ ಮೇಲೆ ಮಾತ್ರ ಇದೆ ಅಂತ ಅರ್ಥ. ಮರೂನೇ ಕಂಡರೆ ಬಣ್ಣವನ್ನು ತಿರುಳಿಗೇ ಕಲಸಿ ಹಾಳೆ ಮಾಡಿದ್ದಾರೆ. ಅಂಥದ್ದನ್ನು ಬೆಳಗಿನ ತನಕ ಉಜ್ಜಿದರೂ ಬಿಳಿ ಬರುವುದಿಲ್ಲ, ಬರುವುದಕ್ಕೆ ಒಳಗೆ ಬಿಳಿಯೇ ಇಲ್ಲವಲ್ಲ. ಮರೂನ್ ಪುಡಿ ಬರುತ್ತದೆ ಅಷ್ಟೇ.

ಎರಡನೇದು ಆ 80. ಅದು ಬಾಗಿಲು ಚೌಕಟ್ಟು ಉಜ್ಜುವ ಪೇಪರ್. ನಂಬರ್ ಚಿಕ್ಕದಾದಷ್ಟೂ ತರಿ ದಪ್ಪ, ದೊಡ್ಡದಾದಷ್ಟೂ ನಯ. ಕಾರ್ಡಿಗೆ 220ರಿಂದ ಶುರು ಮಾಡಿ. 250 ಜಿಎಸ್ಎಂಗಿಂತ (ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ತೆಳು ಹಾಳೆಯಾದರೆ 320. ಹೊಳಪಿನ ಹಾಳೆಗೆ, ಫೋಟೊ ಪ್ರಿಂಟಿಗೆ 400. 120 ಬೇಕಾಗುವುದು ಬರೀ ರಟ್ಟಿಗೆ. ಹಾರ್ಡ್‌ವೇರ್ ಅಂಗಡಿಯಲ್ಲಿ 9 ಇಂಚು 11 ಇಂಚಿನ ಹಾಳೆ ಬಿಡಿಯಾಗಿ ಸಿಗುತ್ತದೆ, ಮೂರು ನಂಬರಿನದು ಒಂದೊಂದು ತಂದರೆ ಇಡೀ ಆಲ್ಬಂ ಮುಗಿಯುತ್ತದೆ. ಕ್ರಾಫ್ಟ್ ಅಂಗಡಿಯಲ್ಲಿ ಅಂಗೈ ಅಗಲದ್ದನ್ನೇ ಪ್ಯಾಕೆಟ್ ಮಾಡಿ ಮಾರುತ್ತಾರೆ, ಸುಮ್ನೆ ದುಡ್ಡು ದಂಡ.

ಇನ್ನು ಕೈ. ನೀವು ಬಹುಶಃ ಹಿಂದಕ್ಕೂ ಮುಂದಕ್ಕೂ ಉಜ್ಜಿದ್ದೀರಿ. ಕಾಗದ ಅಂದರೆ ಒಂದರ ಮೇಲೊಂದು ಮಲಗಿದ ನಾರು. ಹೊರಗೆ ಹೋಗುವಾಗ ಪೇಪರ್ ಆ ನಾರನ್ನು ಸವೆಸುತ್ತದೆ, ವಾಪಸ್ ಬರುವಾಗ ಅದೇ ನಾರನ್ನು ಎಬ್ಬಿಸುತ್ತದೆ. ಜುಂಗು ಬರುವುದು ಹಾಗೆ. ಕಾರ್ಡನ್ನು ಬಣ್ಣದ ಮೈ ಮೇಲಾಗಿ ಮೇಜಿನ ತುದಿಗೆ ಇಡಿ, ಅಂಚು ಎರಡು ಮಿಲಿಮೀಟರ್ ಮಾತ್ರ ಹೊರಗೆ ಇರಲಿ. ಎಡಗೈ ಬೆರಳು ಅಂಚಿನ ಹತ್ತಿರವೇ ಒತ್ತಿರಲಿ. ಸ್ಯಾಂಡ್ ಪೇಪರಿನ ತುಂಡನ್ನು ಒಂದು ದೊಡ್ಡ ರಬ್ಬರಿಗೆ ಸುತ್ತಿಕೊಂಡು, ಓರೆಯಾಗಿ ಹಿಡಿದು, ಮೇಲಿಂದ ಕೆಳಕ್ಕೆ, ಒಳಗಿಂದ ಹೊರಕ್ಕೆ ಎಳೆಯಿರಿ. ಎತ್ತಿ. ಮತ್ತೆ ಮೊದಲ ಜಾಗಕ್ಕೆ ತಂದು ಎಳೆಯಿರಿ. ಗೋಡೆಗೆ ಸುಣ್ಣ ಹೊಡೆಯುವ ಹಾಗೆ ಆ ಕಡೆ ಈ ಕಡೆ ಬೇಡ. ಭಾರ ಹಾಕಬೇಡಿ, ಪೇಪರಿನ ತೂಕವೇ ಸಾಕು.

ನೇರಮಾತು · ಶನಿವಾರ ರಾತ್ರಿ 10:52

ಇಷ್ಟೆಲ್ಲ ಯಾಕೆ ಅಂತ? ಬಿಳಿ ಬೇಕಾದರೆ ಬಿಳಿ ಪೆನ್ಸಿಲ್ ಎಳೆದರೆ ಆಯಿತು. ಹಳೇದರ ಹಾಗೆ ಕಾಣಬೇಕಾದರೆ ಟೀ ಡಿಕಾಕ್ಷನ್ ಸವರಿದರೆ ಆಯಿತು. ಧೂಳು ಇಲ್ಲ, ಹರಿಯುವ ಗೋಜಿಲ್ಲ. ಈ ಉಜ್ಜಾಟ ಎಲ್ಲ ವಿಡಿಯೊದವರು ಸಾಮಾನು ಮಾರುವುದಕ್ಕೆ ಮಾಡುವ ನಾಟಕ.

ರಟ್ಟಿನ ಮನೆ · ಶನಿವಾರ ರಾತ್ರಿ 11:05

ಹಾರ್ಡ್‌ವೇರ್ ಅಂಗಡಿಯ ಒಂದು ಹಾಳೆ ಮಾರುವುದಕ್ಕೆ ಯಾರು ಸ್ವಾಮಿ ನಾಟಕ ಆಡುತ್ತಾರೆ? ಪೆನ್ಸಿಲ್ ಗೆರೆ ಪೆನ್ಸಿಲ್ ಗೆರೆಯ ಹಾಗೇ ಕಾಣುತ್ತದೆ. ಸವೆದ ಅಂಚು ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಇರುತ್ತದೆ, ಮೂಲೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅದೇ ಚೆಂದ. ಟೀ ವಿಷಯಕ್ಕೆ ಮಾತ್ರ ಖಡಾಖಂಡಿತ ಬೇಡ ಅನ್ನುತ್ತೇನೆ. ಟೀಯಲ್ಲಿ ಆಮ್ಲ ಇರುತ್ತದೆ, ವರ್ಷ ಕಳೆದ ಹಾಗೆ ಕಾಗದ ಇನ್ನೂ ಕಂದಾಗಿ ಮುರುಮುರು ಆಗುತ್ತದೆ, ಪಕ್ಕದ ಫೋಟೊಗೂ ತಗಲುತ್ತದೆ. ಒಂದು ದಿನದ ಗ್ರೀಟಿಂಗ್ ಕಾರ್ಡಿಗೆ ಸರಿ, ಇಟ್ಟುಕೊಳ್ಳುವ ಆಲ್ಬಂಗೆ ಬೇಡ.

ಹಪ್ಪಳದ ಡಬ್ಬಿ · ಭಾನುವಾರ ಬೆಳಿಗ್ಗೆ 7:20

ನಾನು ಉಡುಪಿ ಕಡೆಯವಳು. ಜುಂಗಿನ ವಿಷಯಕ್ಕೆ ನನ್ನದೂ ಒಂದು ಮಾತು. ರಟ್ಟಿನ ಮನೆಯವರು ಹೇಳಿದ್ದೆಲ್ಲ ಸರಿ, ಆದರೆ ನಮ್ಮ ಜೂನ್ ಜುಲೈಯಲ್ಲಿ ಅಷ್ಟೂ ಸರಿ ಮಾಡಿದರೂ ಜುಂಗು ಏಳುತ್ತದೆ ಮಾರಾಯ್ರೆ. ಕಾಗದ ಗಾಳಿಯ ತೇವ ಹೀರಿ ಮೆತ್ತಗಾಗಿರುತ್ತದೆ, ನಾರು ಊದಿಕೊಂಡಿರುತ್ತದೆ, ಮುಟ್ಟಿದರೆ ಸಾಕು ಎದ್ದು ಬರುತ್ತದೆ. ಒಳ್ಳೇ ಕಾರ್ಡನ್ನು ಬೆರಳಿಂದ ತಟ್ಟಿದರೆ ಟಕ್ ಟಕ್ ಅನ್ನಬೇಕು. ಮಳೆಗಾಲದಲ್ಲಿ ಒದ್ದೆ ಬಟ್ಟೆಗೆ ತಟ್ಟಿದ ಹಾಗೆ ಇರುತ್ತದೆ, ಶಬ್ದವೇ ಇಲ್ಲ.

ನಾನು ಮಾಡುವುದು ಹೀಗೆ. ಉಜ್ಜುವ ದಿನ ಕಾರ್ಡನ್ನು ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಹಬೆ ಇಲ್ಲದ ಇಸ್ತ್ರಿ ಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿ ಒಂದು ಸುತ್ತು ಆಡಿಸುತ್ತೇನೆ. ನ್ಯೂಸ್ ಪೇಪರ್ ಇಡಬೇಡಿ, ಅದರ ಶಾಯಿ ಕಾರ್ಡಿಗೆ ಹತ್ತುತ್ತದೆ (ಕೇಳಬೇಡಿ ಹೇಗೆ ಗೊತ್ತು ಅಂತ). ಆರಿದ ಮೇಲೆ ಉಜ್ಜುವುದು. ಉಳಿದ ಕಾರ್ಡೆಲ್ಲ ಹಪ್ಪಳದ ಡಬ್ಬಿಯಲ್ಲೇ, ಬಾಯಿ ಬಿಗಿಯಾಗಿ ಮುಚ್ಚಿ. ಅಮ್ಮನಿಗೆ ಹಪ್ಪಳಕ್ಕೆ ಬೇರೆ ಡಬ್ಬಿ ತಂದುಕೊಟ್ಟೆ, ಜಗಳ ಮುಗಿಯಿತು.

ಅಂಟುಕೈ · ಭಾನುವಾರ ಬೆಳಿಗ್ಗೆ 9:30

ಹರಿದು ನೋಡಿದೆ. ಒಳಗೂ ಮರೂನ್! ನಿನ್ನೆ ಒಂದು ಗಂಟೆ ಉಜ್ಜಿದ್ದು ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗಾಯಿತು. ಈಗ ಇಂಥ ಚಾರ್ಟು ಎಂಟು ಹಾಳೆ ಇದೆ. ಎಸೆಯಲಾ? ಮತ್ತೆ ಒಳಗೆ ಬಿಳಿ ಇರುವ ಹಾಳೆ ಎಲ್ಲಿ ಸಿಗುತ್ತದೆ?

ಟೆಕ್ಸಾಸಿನಿಂದ · ಭಾನುವಾರ ಬೆಳಿಗ್ಗೆ 10:02

ಎಸೆಯಬೇಡಿ! ನಾನು ಇಲ್ಲಿ ಸ್ಕ್ರ್ಯಾಪ್‌ಬುಕ್ ಶುರು ಮಾಡಿದಾಗ ಕೋರ್ಡಿನೇಷನ್ಸ್ ಅಂತ ಒಂದು ಕಾರ್ಡು ಸಿಗುತ್ತಿತ್ತು. ಮೇಲೆ ಒಂದು ಬಣ್ಣ, ತಿರುಳಿನಲ್ಲಿ ಇನ್ನೊಂದು. ಉಜ್ಜುವುದಕ್ಕೆ, ಹರಿಯುವುದಕ್ಕೆ ಅಂತಲೇ ಮಾಡಿದ್ದು. ಊರಿಗೆ ಬಂದಾಗ ತಂಗಿಗೆ ತೋರಿಸಿದರೆ ಅವಳು "ಇಷ್ಟೇನಾ" ಅಂತ ಹೇಳಿ ಮನೆಯಲ್ಲೇ ಮಾಡಿಬಿಟ್ಟಳು. ಆಮೇಲೆ ನಾನೂ ಅವಳ ದಾರಿಯೇ ಹಿಡಿದೆ.

ನಿಮ್ಮ ಮರೂನ್ ಚಾರ್ಟಿನ ಅಂಚಿಗೆ ಒಂದು ಬೆರಳಗಲ ಅಕ್ರಿಲಿಕ್ ಬಣ್ಣ ಹಚ್ಚಿ, ಕೆನೆ ಬಿಳಿ ಇರಲಿ. ನೀರು ಬೆರೆಸಬೇಡಿ, ಹಾಳೆ ಸುರುಟುತ್ತದೆ. ಪೂರ್ತಿ ಒಣಗಲಿ. ಆಮೇಲೆ ಮನೆಯ ಮೇಣದ ಬತ್ತಿ ತಗೊಂಡು, ಎಲ್ಲೆಲ್ಲಿ ಸವೆದ ಹಾಗೆ ಕಾಣಬೇಕೋ ಅಲ್ಲಿ ಮಾತ್ರ, ಅಂದರೆ ಮೂಲೆಗಳಲ್ಲಿ, ಅಂಚಿನ ನಡುವೆ ಒಂದೆರಡು ಕಡೆ, ಗೀಚಿ. ಅದರ ಮೇಲೆ ಮರೂನಿಗೆ ಹತ್ತಿರದ ಬಣ್ಣ ಒಂದು ಕೋಟ್. ಒಣಗಿದ ಮೇಲೆ 320 ನಂಬರಿನಲ್ಲಿ ಮೆಲ್ಲಗೆ ಎಳೆದರೆ ಮೇಣ ಇದ್ದ ಕಡೆ ಮೇಲಿನ ಬಣ್ಣ ಹಿಡಿದಿರುವುದಿಲ್ಲ, ಚಕ್ಕೆ ಚಕ್ಕೆಯಾಗಿ ಉದುರಿ ಕೆನೆ ಬಣ್ಣ ಕಾಣುತ್ತದೆ. ಹಳೇ ಮನೆ ಕಿಟಕಿಯ ಬಣ್ಣ ಎದ್ದ ಹಾಗೆ. ಇದು ಬರೀ ಬಿಳಿ ಗೆರೆಗಿಂತ ಎಷ್ಟೋ ಚೆನ್ನಾಗಿ ಕಾಣುತ್ತದೆ, ನನ್ನ ಮಟ್ಟಿಗಂತೂ. ಒಂದೇ ಎಚ್ಚರಿಕೆ: ಮೇಣ ಕೈಗೆ ಹತ್ತಿ ಹಾಳೆಯ ನಡುವೆ ತಗಲಿದರೆ ಅಲ್ಲಿ ಅಂಟೂ ಹಿಡಿಯುವುದಿಲ್ಲ, ಫೋಟೊ ಬಿದ್ದುಹೋಗುತ್ತದೆ.

ಚಿಕ್ಕಪೇಟೆ ಚಿಲ್ಲರೆ · ಭಾನುವಾರ ಮಧ್ಯಾಹ್ನ 1:10

ಒಳಗೆ ಬಿಳಿ ಇರುವ ಹಾಳೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಡಿ ಅಕ್ಕ. ಮನೆಯಲ್ಲಿ ಬಂದು ಬಿದ್ದಿರುವ ಲಗ್ನಪತ್ರಿಕೆಗಳನ್ನು ತೆಗೆಯಿರಿ. ಮುಕ್ಕಾಲು ಪಾಲು ಬಿಳಿ ಬೋರ್ಡಿನ ಮೇಲೆ ಬಣ್ಣ ಅಚ್ಚು ಹಾಕಿದ್ದೇ. ದಪ್ಪ ಇರುತ್ತದೆ, ಗಟ್ಟಿ ಇರುತ್ತದೆ, ಪುಕ್ಕಟೆ. ಅಂಚು ಉಜ್ಜಿದರೆ ಎರಡೇ ಎಳೆತಕ್ಕೆ ಬೆಳ್ಳಗೆ ಬರುತ್ತದೆ. ಚಿನ್ನದ ಫಾಯಿಲ್ ಇರುವ ಕಡೆ 400 ಹಾಕಿ, ಫಾಯಿಲ್ ಪೂರ್ತಿ ಹೋಗದೆ ಹಳೇ ಜರಿಯ ಹಾಗೆ ಅಲ್ಲಲ್ಲಿ ಉಳಿಯುತ್ತದೆ. ಮದುವೆಯ ಆಲ್ಬಂಗೆ ಲಗ್ನಪತ್ರಿಕೆಗಿಂತ ಒಳ್ಳೇ ಕಾಗದ ಯಾವುದಿದೆ ಹೇಳಿ. ಗಣಪತಿ ಚಿತ್ರ ಇರುವ ಭಾಗ ಮಾತ್ರ ನಾನು ಉಜ್ಜುವುದಿಲ್ಲ, ಕತ್ತರಿಸಿ ತೆಗೆದಿಡುತ್ತೇನೆ. ಅದೊಂದು ನನ್ನ ಮನಸ್ಸಿನ ಸಮಾಧಾನ.

ಹೊಸದೇ ಬೇಕಾದರೆ ಬೆಂಗಳೂರಿನವರು ಸುಲ್ತಾನ್‌ಪೇಟೆಯಲ್ಲಿ ಕೇಳಿ. ಕಾಗದದ ಅಂಗಡಿಗಳ ಸಾಲೇ ಇದೆ. ಬಿಡಿ ಹಾಳೆ ಕೊಡುವ ಅಂಗಡಿಯಲ್ಲಿ ಮೂಲೆ ಹರಿದು ತೋರಿಸಿ ಅನ್ನಿ, ಸ್ಯಾಂಪಲ್ ತುಂಡು ಇದ್ದೇ ಇರುತ್ತದೆ.

ಇನ್ನೊಂದು ಆಟ. ಚಕ್ಕುಲಿ ಒರಳಿನ ಬಿಲ್ಲೆ ಇದೆಯಲ್ಲ, ನಕ್ಷತ್ರದ ತೂತು ಇರುವುದು, ಅದರ ಮೇಲೆ ಕಾರ್ಡನ್ನು ಬಣ್ಣದ ಮೈ ಕೆಳಗಾಗಿ ಇಟ್ಟು, ಹಿಂದಿನಿಂದ ಖಾಲಿ ರೀಫಿಲ್ಲಿನ ಮೂತಿಯಲ್ಲಿ ತೂತಿನ ಒಳಕ್ಕೆ ಮೆಲ್ಲಗೆ ಒತ್ತುತ್ತಾ ಹೋಗಿ. ತಿರುಗಿಸಿದರೆ ನಕ್ಷತ್ರ ಉಬ್ಬಿರುತ್ತದೆ. ಸ್ಯಾಂಡ್ ಪೇಪರನ್ನು ಚಪ್ಪಟೆಯಾಗಿ ಹಿಡಿದು ಉಬ್ಬಿನ ಮೇಲಷ್ಟೇ ತಾಗಿಸಿದರೆ ಕೆಂಪು ಹಾಳೆಯಲ್ಲಿ ಬಿಳಿ ನಕ್ಷತ್ರ. ಪ್ಲಾಸ್ಟಿಕ್ಕಿನ ರಂಗೋಲಿ ಅಚ್ಚಿನಲ್ಲೂ ಬರುತ್ತದೆ, ತೂತು ಸಣ್ಣದಿದ್ದರೆ ಚುಕ್ಕಿ ಚುಕ್ಕಿಯಾಗಿ.

ಸುಮ್ನೆ ಓದುಗ · ಭಾನುವಾರ ಸಂಜೆ 4:45

ಬೆಂಕಿಪೊಟ್ಟಣದ ಪಕ್ಕದ ಪಟ್ಟಿಯಲ್ಲಿ ಉಜ್ಜಬಹುದಾ? ಮನೆಯಲ್ಲಿ ಅದೇ ಇರುವುದು.

ರಟ್ಟಿನ ಮನೆ · ಭಾನುವಾರ ಸಂಜೆ 5:00

ಬೇಡಪ್ಪ. ಆ ಪಟ್ಟಿಯಲ್ಲಿ ಕೆಂಪು ರಂಜಕ ಇರುತ್ತದೆ, ಜೊತೆಗೆ ಗಾಜಿನ ಪುಡಿ. ಕಾರ್ಡಿಗೆ ಕಂದು ಕಲೆ ಹತ್ತುತ್ತದೆ, ಮತ್ತೆ ಹೋಗುವುದಿಲ್ಲ. ಉಗುರು ಉಜ್ಜುವ ಫೈಲ್ ಇದ್ದರೆ ತಗೊಳ್ಳಿ. ಲೋಹದ್ದಲ್ಲ, ರಟ್ಟಿನ ಪಟ್ಟಿಗೆ ತರಿ ಅಂಟಿಸಿದ್ದು. ಕಿರಿದಾಗಿರುವುದರಿಂದ ಹೂವಿನ ಎಸಳು, ಅಕ್ಷರದ ಒಳಮೂಲೆ ಇಂಥ ಕಡೆ ಸ್ಯಾಂಡ್ ಪೇಪರಿಗಿಂತ ಅದೇ ಅನುಕೂಲ. ಇನ್ನು ಕಾರ್ ಪೇಂಟಿನವರು ಬಳಸುವ ಕಪ್ಪು ವಾಟರ್ ಪೇಪರ್ ನಯವೇನೋ ಹೌದು, ಆದರೆ ಬಿಳಿ ಹಾಳೆ ಮೇಲೆ ಬೂದು ಗೀಟು ಬಿಡಬಹುದು. ಗಾಢ ಬಣ್ಣಕ್ಕೆ ಪರವಾಗಿಲ್ಲ.

ಅಜ್ಜಿಮನೆ · ಭಾನುವಾರ ರಾತ್ರಿ 8:30

ಸ್ಯಾಂಡ್ ಪೇಪರ್ ಇಲ್ಲದಾಗ ಮಲೆನಾಡಿನಲ್ಲಿ ಗರಗತ್ತಿ ಎಲೆ ಇತ್ತು. ಅಜ್ಜಿ ಮರದ ಸೌಟು, ಮಣೆ ಎಲ್ಲ ಅದರಲ್ಲೇ ಉಜ್ಜುತ್ತಿದ್ದರು. ಎಲೆಯ ಮೈ ಬೆಕ್ಕಿನ ನಾಲಿಗೆ ಹಾಗೆ ತರಿ ತರಿ. ಕುತೂಹಲಕ್ಕೆ ಒಣಗಿದ ಎಲೆಯೊಂದನ್ನು ಕಾರ್ಡಿನ ಮೇಲೆ ಆಡಿಸಿದೆ, ನಯವಾದ ಪೇಪರಿನ ಕೆಲಸ ಮಾಡಿತು. ಹಸಿ ಎಲೆ ಬೇಡ, ಹಸಿರು ಹತ್ತುತ್ತದೆ. ಚನ್ನಪಟ್ಟಣದ ಗೊಂಬೆಗೆ ಕೊನೆಯಲ್ಲಿ ತಾಳೆಗರಿ ಹಿಡಿಯುತ್ತಾರಲ್ಲ, ಕೇದಗೆ ಜಾತಿಯದ್ದು, ಅದು ಬೇರೆ. ಅಲ್ಲಿ ಸವೆಸುವುದಲ್ಲ, ಅರಗಿಗೆ ಹೊಳಪು ಬರಿಸುವುದು.

ಹೊಳಪು ಅಂದಾಗ ನೆನಪಾಯಿತು. ಜುಂಗು ಎದ್ದುಹೋದ ಹಾಳೆಯನ್ನು ಉಳಿಸಬಹುದು. ಮೈಸೂರು ಚಿತ್ರಕಲೆಯವರು ಚಿತ್ರದ ಮೇಲೆ ತೆಳು ಕಾಗದ ಹಾಸಿ ನುಣುಪು ಕಲ್ಲಿನಿಂದ ತಿಕ್ಕುತ್ತಾರೆ, ಮೈ ಸಮ ಆಗಲಿ ಅಂತ. ನಾವು ಜುಂಗಿನ ಮೇಲೆ ಬಟರ್ ಪೇಪರ್ ಇಟ್ಟು ಸ್ಟೀಲ್ ಚಮಚದ ಬೆನ್ನಿನಿಂದ ಒತ್ತಿ ತಿಕ್ಕಿದರೆ ಎದ್ದ ನಾರು ಮಲಗುತ್ತದೆ. ಪೂರ್ತಿ ಅಲ್ಲ, ಕಣ್ಣಿಗೆ ಹೊಡೆಯದಷ್ಟು.

ಹೆಸರು ಬೇಡ · ಭಾನುವಾರ ರಾತ್ರಿ 11:20

ನನ್ನ ಕಥೆ ಹೇಳಿಬಿಡುತ್ತೇನೆ, ಬೇರೆಯವರು ಈ ತಪ್ಪು ಮಾಡದಿರಲಿ. ಎರಡು ವರ್ಷದ ಹಿಂದೆ ತಾತನ ಫೋಟೊ, ಇದ್ದದ್ದು ಅದೊಂದೇ, ಕಪ್ಪು ಬಿಳುಪು. ಕಾರ್ಡಿನ ಅಂಚಿಗೆ ಸ್ಯಾಂಡಿಂಗ್ ಚೆನ್ನಾಗಿ ಬಂತಲ್ಲ ಅಂತ ಹುಮ್ಮಸ್ಸಿನಲ್ಲಿ ಫೋಟೊದ ಅಂಚಿಗೂ ಎಳೆದೆ. ಮೂರು ಅಂಚು ಸರಿಯಾಗಿ ಬಂತು. ನಾಲ್ಕನೇದರಲ್ಲಿ ಮೇಲಿನ ಪದರ ಹಲ್ಲಿಯ ಪೊರೆ ಬಿಟ್ಟ ಹಾಗೆ ಸುಲಿದುಕೊಂಡು ತಾತನ ಭುಜದ ತನಕ ಬಂತು. ಅಮ್ಮ ಏನೂ ಬೈಯಲಿಲ್ಲ. ಫೋಟೊ ತಗೊಂಡು ಹೋಗಿ ಬೀರುವಿನಲ್ಲಿ ಇಟ್ಟರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಟೆಕ್ಸಾಸಿನಿಂದ · ಸೋಮವಾರ ಬೆಳಿಗ್ಗೆ 6:40

ಅಯ್ಯೋ. ಹಳೇ ಫೋಟೊದಲ್ಲಿ ಚಿತ್ರ ಇರುವುದು ಕಾಗದದಲ್ಲಲ್ಲ, ಮೇಲಿನ ಜೆಲಟಿನ್ ಪದರದಲ್ಲಿ, ಸಣ್ಣ ಬೆಳ್ಳಿ ಕಣಗಳಾಗಿ. ವಯಸ್ಸಾದ ಹಾಗೆ ಆ ಪದರ ಬಿರುಸಾಗುತ್ತದೆ. ಅಸಲಿ ಫೋಟೊಗೆ ಸ್ಯಾಂಡ್ ಪೇಪರ್ ತೋರಿಸಲೇಬಾರದು. ಸ್ಕ್ಯಾನ್ ಮಾಡಿ, ಪ್ರಿಂಟ್ ಹಾಕಿಸಿ, ಆ ಪ್ರಿಂಟಿಗೆ ಏನು ಬೇಕಾದರೂ ಮಾಡಿ. ಸುಲಿದ ಫೋಟೊವನ್ನೂ ಈಗಲೇ ಸ್ಕ್ಯಾನ್ ಮಾಡಿಡಿ, ಭುಜವನ್ನು ಕಂಪ್ಯೂಟರಿನಲ್ಲಿ ಸರಿ ಮಾಡಬಹುದು.

ಅಂಟುಕೈ · ಸೋಮವಾರ ರಾತ್ರಿ 9:15

ಓದಿ ಎದೆ ಧಸಕ್ಕೆಂದಿತು. ನಾನು ಅಸಲಿ ಫೋಟೊಗಳನ್ನೇ ಅಂಟಿಸಬೇಕು ಅಂತಿದ್ದೆ. ಎಲ್ಲ ಸ್ಕ್ಯಾನ್‌ಗೆ ಕೊಟ್ಟು ಬಂದೆ, 46 ಫೋಟೊ.

ಇನ್ನೊಂದು ಪ್ರಶ್ನೆ, ಹೊದಿಕೆಯದ್ದು. ರಟ್ಟಿನ ಮೇಲೆ ಹೂವಿನ ಕಾಗದ ಅಂಟಿಸಿ ಅಂಚಿನ ಸಮಕ್ಕೆ ಕತ್ತರಿಯಲ್ಲಿ ಕತ್ತರಿಸಿದರೆ ಅಲ್ಲಲ್ಲಿ ಹೆಚ್ಚು ಕಡಿಮೆ ಆಗಿ ಇಲಿ ಕಚ್ಚಿದ ಹಾಗೆ ಕಾಣುತ್ತಿದೆ.

ರಟ್ಟಿನ ಮನೆ · ಸೋಮವಾರ ರಾತ್ರಿ 9:50

ಈ ಪ್ರಶ್ನೆಗೆ ಕಾಯುತ್ತಿದ್ದೆ, ನಮ್ಮಪ್ಪ ಬೈಂಡಿಂಗ್ ಮಾಡುತ್ತಿದ್ದವರು. ಕತ್ತರಿಯೇ ಬೇಡ. ಕಾಗದವನ್ನು ರಟ್ಟಿಗಿಂತ ಎಲ್ಲ ಕಡೆ ಅರ್ಧ ಇಂಚು ದೊಡ್ಡದಾಗಿ ಅಂಟಿಸಿ, ಗುಳ್ಳೆ ಬರದ ಹಾಗೆ ಒರೆಸಿ, ಭಾರ ಹೇರಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹೊರಗೆ ಚಾಚಿರುವ ಕಾಗದವನ್ನು ಅಂಚಿನ ಉದ್ದಕ್ಕೂ ಉಗುರಿನಿಂದ ಕೆಳಕ್ಕೆ ಮಡಚಿ ಗೆರೆ ಮೂಡಿಸಿ. ಆ ಮಡಿಕೆಯ ಮೇಲೆ 120 ನಂಬರನ್ನು ಓರೆಯಾಗಿ ಇಟ್ಟು ಕೆಳಕ್ಕೆ, ಕೆಳಕ್ಕೆ, ಕೆಳಕ್ಕೆ ಮಾತ್ರ ಎಳೆಯಿರಿ. ಐದಾರು ಎಳೆತಕ್ಕೆ ಮಡಿಕೆ ಸವೆದು ತೂತಾಗುತ್ತದೆ, ಹೆಚ್ಚಿನ ಕಾಗದ ಪಟ್ಟಿಯಾಗಿ ತಾನೇ ಕಳಚಿ ಬೀಳುತ್ತದೆ. ಅಂಚು ರಟ್ಟಿಗೆ ಕೂದಲೆಳೆಯಷ್ಟೂ ಹೆಚ್ಚಿಲ್ಲ ಕಡಿಮೆ ಇಲ್ಲ. ಆಮೇಲೆ 320ರಲ್ಲಿ ಒಂದು ಸಲ. ಮೇಲಕ್ಕೆ ಎಳೆದರೆ ಮಾತ್ರ ಅಂಟಿಸಿದ ಕಾಗದ ಎದ್ದು ಬರುತ್ತದೆ, ಅಲ್ಲಿಗೆ ಕಥೆ ಮುಗಿಯಿತು.

ಅಂಟು ಯಾವುದು ಹಾಕಿದ್ದೀರಿ? ಫೆವಿಕಾಲ್ ಆದರೆ ಪೂರ್ತಿ ಒಣಗುವ ತನಕ ಮುಟ್ಟಬೇಡಿ. ಅರೆ ಒಣಗಿದ್ದನ್ನು ಉಜ್ಜಿದರೆ ಬಿಸಿಗೆ ಮೆತ್ತಗಾಗಿ ರಬ್ಬರಿನ ಉಂಡೆ ಉಂಡೆಯಾಗಿ ಬರುತ್ತದೆ, ಸ್ಯಾಂಡ್ ಪೇಪರಿನ ಕಣ್ಣೆಲ್ಲ ಮುಚ್ಚಿಹೋಗುತ್ತದೆ. ಅಪ್ಪ ಮೈದಾ ಅಂಟು ಕುದಿಸಿ, ಹುಳ ಹಿಡಿಯದಿರಲಿ ಅಂತ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ಒಣಗಿದರೆ ಪುಡಿ ಪುಡಿಯಾಗಿ ಬರುತ್ತದೆ, ಉಜ್ಜುವುದಕ್ಕೆ ಸೊಗಸು. ಆದರೆ ಮೈಲುತುತ್ತ ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಫೆವಿಕಾಲನ್ನೇ ತೆಳ್ಳಗೆ ಹಚ್ಚಿ.

ಹಪ್ಪಳದ ಡಬ್ಬಿ · ಮಂಗಳವಾರ ಬೆಳಿಗ್ಗೆ 7:05

ಪುಡಿಯ ಬಗ್ಗೆ ಯಾರೂ ಹೇಳಲಿಲ್ಲ. ಉಜ್ಜಿದ ಮೇಲೆ ಬಾಯಲ್ಲಿ ಊದಬೇಡಿ. ಎಂಜಲ ಹನಿ ಹಾಳೆಗೆ, ಪುಡಿ ನಿಮ್ಮ ಮೂಗಿಗೆ. ಒಣ ಪೇಂಟ್ ಬ್ರಶ್ಶಿನಲ್ಲಿ ಗುಡಿಸಿ, ಮೂಗಿಗೆ ಮಾಸ್ಕ್ ಇರಲಿ. ಫೋಟೊ ಅಂಟಿಸುವ ಮೇಜಿನಲ್ಲಿ ಉಜ್ಜುವ ಕೆಲಸ ಬೇಡವೇ ಬೇಡ. ಸ್ಯಾಂಡ್ ಪೇಪರಿನಿಂದ ಉದುರಿದ ಒಂದೇ ಒಂದು ಹರಳು ಪುಟದ ನಡುವೆ ಸಿಕ್ಕಿಹಾಕಿಕೊಂಡರೆ ಆಲ್ಬಂ ತೆರೆದು ಮುಚ್ಚಿದಾಗೆಲ್ಲ ಎದುರಿನ ಫೋಟೊಗೆ ಗೀರು ಬೀಳುತ್ತದೆ. ನಾನು ಅಂಗಳದ ಕಟ್ಟೆ ಮೇಲೆ ಕೂತು ಉಜ್ಜುತ್ತೇನೆ. ಮಳೆ ಬಂದರೆ ಆ ದಿನ ರಜೆ.

ನೇರಮಾತು · ಗುರುವಾರ ರಾತ್ರಿ 10:10

ಒಪ್ಪಿಕೊಳ್ಳುತ್ತೇನೆ. ಮನೆಯಲ್ಲಿ ಬಿದ್ದಿದ್ದ ಲಗ್ನಪತ್ರಿಕೆಗೆ ಮಗಳ ಉಗುರಿನ ಫೈಲ್ ಹಾಕಿ ನೋಡಿದೆ. ಪೆನ್ಸಿಲ್ಲಿನಲ್ಲಿ ಹೀಗೆ ಬರುವುದಿಲ್ಲ. ಈಗ ಮಗಳು ಫೈಲ್ ಹುಡುಕುತ್ತಿದ್ದಾಳೆ.

ಅಂಟುಕೈ · ಶನಿವಾರ ಸಂಜೆ 6:30

ವರದಿ ಒಪ್ಪಿಸುತ್ತಿದ್ದೇನೆ. 14 ಪುಟ ಆಯಿತು.

ಮೊದಲ ಲಗ್ನಪತ್ರಿಕೆಯಲ್ಲಿ ಕೈ ಕೂರಲಿಲ್ಲ, ಭಾರ ಹಾಕಿಬಿಟ್ಟೆ, ಬಿಳಿ ಗೆರೆ ಒಂದು ಬೆರಳಗಲ ಆಗಿ ಅಂಚು ಅಲೆ ಅಲೆಯಾಯಿತು. ಎರಡನೇದಕ್ಕೆ ರಬ್ಬರಿಗೆ ಸುತ್ತಿದ 320 ಹಿಡಿದು, ಎಡಗೈ ಅಂಚಿಗೆ ಹತ್ತಿರ ತಂದು, ಎಳೆ, ಎತ್ತು, ಎಳೆ, ಎತ್ತು ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಮಾಡಿದೆ. ನಾಲ್ಕನೇ ಎಳೆತಕ್ಕೆ ಕೆಂಪಿನ ಕೆಳಗಿಂದ ನೂಲಿನಷ್ಟು ಬಿಳಿ ಕಂಡಿತು. ಶಬ್ದವೂ ಬೇರೆ, ನಿಂತುಹೋಯಿತು ಅನ್ನುವಷ್ಟು ಸಣ್ಣಗೆ. ಮೇಣದ ಬತ್ತಿಯದ್ದು ಮರೂನ್ ಚಾರ್ಟಿಗೆ ಮಾಡಿದೆ, ಮೂರು ಹಾಳೆ ಚೆನ್ನಾಗಿ ಬಂತು, ಒಂದು ಸುರುಟಿ ಹಪ್ಪಳವೇ ಆಯಿತು. ನೀರು ಬೆರೆಸಬೇಡಿ ಅಂದಿದ್ದನ್ನು ಮರೆತಿದ್ದೆ. ಹೊದಿಕೆಯ ಕಾಗದದ ಪಟ್ಟಿ ತಾನೇ ಕಳಚಿ ಬಿದ್ದಾಗ ನಾನು ಕೂಗಿದ್ದಕ್ಕೆ ಅತ್ತೆ ಅಡುಗೆಮನೆಯಿಂದ ಓಡಿ ಬಂದರು.

ಈಗ ಅತ್ತೆಯದ್ದೇ ಸಮಸ್ಯೆ. ಅವರು ತಮ್ಮ ಮದುವೆಯ ಲಗ್ನಪತ್ರಿಕೆ ಪೆಟ್ಟಿಗೆಯಿಂದ ತೆಗೆದು ತಂದಿದ್ದಾರೆ, "ಇದಕ್ಕೂ ಒಂಚೂರು ಮಾಡಿಕೊಡು" ಅಂತ. ಅರಿಸಿನ ಹಚ್ಚಿದ ತೆಳು ಕಾಗದ, ಮಡಿಕೆಯಲ್ಲಿ ಆಗಲೇ ಸೀಳಿದೆ.

ರಟ್ಟಿನ ಮನೆ · ಶನಿವಾರ ಸಂಜೆ 6:41

ಮುಟ್ಟಬೇಡಿ. ಸ್ಕ್ಯಾನ್ ಮಾಡಿಸಿ, ದಪ್ಪ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಅದಕ್ಕೆ ಅಂಚು ಮಾಡಿಕೊಡಿ. ಅಸಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅವರ ಕೈಗೇ ವಾಪಸ್ ಕೊಡಿ.

ಅಂಟುಕೈ · ಶನಿವಾರ ಸಂಜೆ 6:50

ಸರಿ. 320 ಸವೆದುಹೋಗಿದೆ, ಇನ್ನೂ ಆರು ಪುಟ ಇದೆ. ಹಾರ್ಡ್‌ವೇರ್ ಅಂಗಡಿ ಮುಚ್ಚುವ ಮೊದಲು ಹೋಗಿ ಬರುತ್ತೇನೆ.